ವೇಗ ಹೆಚ್ಚಿಸಲು ಹೋಗಿ ನಿಧಾನವಾದ ಗಣಕಯಂತ್ರ

ಗಣಕಯಂತ್ರವೊಂದು ನಿಧಾನವಾಗುವುದಕ್ಕೆ ಸವೆದ ಡಿಸ್ಕು, ಸಾಲದ ಸ್ಮೃತಿ, ಧೂಳು ಕಟ್ಟಿದ ಫ್ಯಾನು, ವೈರಸ್ಸು ಮೊದಲಾದ ಹತ್ತಾರು ಕಾರಣಗಳುಂಟು. ಅವೆಲ್ಲಕ್ಕಿಂತ ವಿಚಿತ್ರವಾದ ಕಾರಣವೆಂದರೆ, ಯಂತ್ರವನ್ನು ಚುರುಕುಗೊಳಿಸಬೇಕೆಂಬ ಉದ್ದೇಶದಿಂದಲೇ ಅದರ ಸೆಟ್ಟಿಂಗುಗಳನ್ನು ಬದಲಾಯಿಸಿ, ಆ ಬದಲಾವಣೆಯ ಫಲವಾಗಿಯೇ ಅದು ಮೊದಲಿಗಿಂತ ಮಂದವಾಗುವುದು. ಸೆಟ್ಟಿಂಗು ಎಂದರೆ ವಿಂಡೋಸ್‌ನಂಥ ಕಾರ್ಯವ್ಯವಸ್ಥೆಯು, ಅಂದರೆ ಯಂತ್ರಾಂಗಗಳನ್ನೂ ಅವುಗಳ ಮೇಲೆ ಓಡುವ ತಂತ್ರಾಂಶಗಳನ್ನೂ ಹೊಂದಿಸಿ ನಡೆಸುವ ಮೂಲ ತಂತ್ರಾಂಶವು, ಯಾವ ಕೆಲಸಕ್ಕೆ ಎಷ್ಟು ಶಕ್ತಿ, ಎಷ್ಟು ಜಾಗ, ಎಷ್ಟು ಆದ್ಯತೆ ಕೊಡಬೇಕೆಂದು ಬರೆದಿಟ್ಟುಕೊಂಡಿರುವ ನಿಯಮ. ನಿಯಮವನ್ನು ತಿದ್ದಿದರೆ ಯಂತ್ರ ಅದನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಆದ್ದರಿಂದ ಈ ಬಗೆಯ ನಿಧಾನದಲ್ಲಿ ಯಂತ್ರದ ಯಾವ ಭಾಗವೂ ಕೆಟ್ಟಿರುವುದಿಲ್ಲ. ಹೇಳಿದವರಿಗೆ ತಾವು ಏನು ಹೇಳಿದೆವೆಂಬುದು ತಿಳಿದಿರುವುದಿಲ್ಲ, ಅಷ್ಟೆ.

ದಂಡು ಎಂದು ಹಳಬರು ಕರೆಯುವ ಬೆಂಗಳೂರು ಕಂಟೋನ್ಮೆಂಟಿನಿಂದ ಪೂರ್ವಕ್ಕೆ ಕೆ.ಆರ್.ಪುರದವರೆಗಿನ ಪ್ರದೇಶದಲ್ಲಿ ಈ ಸಮಸ್ಯೆಗೆ ಒಂದು ವಿಶೇಷ ಸಂದರ್ಭವಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1985ರಲ್ಲಿ ತನ್ನ ಭಾರತೀಯ ವಿನ್ಯಾಸ ಕೇಂದ್ರವನ್ನು ಆರಂಭಿಸಿದ್ದು ಕಂಟೋನ್ಮೆಂಟಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ. ದೇಶದ ಮೊದಲ ದೂರವಾಣಿ ಕಾರ್ಖಾನೆಯಾದ ಐಟಿಐ 1948ರಲ್ಲಿ ನೆಲೆ ಕಂಡದ್ದು ಕೆ.ಆರ್.ಪುರದ ಪಕ್ಕದ, ಇಂದು ದೂರವಾಣಿನಗರವೆಂದೇ ಹೆಸರಾದ ಜಾಗದಲ್ಲಿ. ಆ ಕಾರ್ಖಾನೆ ತಯಾರಿಸುತ್ತಿದ್ದ ಸ್ಟ್ರೌಜರ್ ಎಂಬ ವಿದ್ಯುತ್-ಯಾಂತ್ರಿಕ ವಿನಿಮಯ ಕೇಂದ್ರಗಳಲ್ಲಿ ಹೊಂದಾಣಿಕೆ ಎಂದರೆ ರಿಲೇಯ ಸ್ಪ್ರಿಂಗಿನ ಬಿಗಿಯನ್ನು ಸರಿಪಡಿಸುವುದಾಗಿತ್ತು, ತಪ್ಪಿದ ಹೊಂದಾಣಿಕೆ ಕಣ್ಣಿಗೆ ಕಾಣುತ್ತಿತ್ತು, ಕಿವಿಗೂ ಕೇಳುತ್ತಿತ್ತು. ಇಂದಿನ ಯಂತ್ರದಲ್ಲಿ ಅದೇ ಕೆಲಸ ತೆರೆಯ ಮೇಲಿನ ಒಂದು ಚೌಕದಲ್ಲಿ ಗುರುತು ಹಾಕುವುದರಿಂದ ಆಗಿಹೋಗುತ್ತದೆ, ಮತ್ತು ಕಿಟಕಿ ಮುಚ್ಚಿದ ಮೇಲೆ ಅದರ ಸುಳಿವೇ ಉಳಿಯುವುದಿಲ್ಲ. ಶಿವಾಜಿನಗರದ ಡಿಟಿಪಿ ಅಂಗಡಿ, ಹಲಸೂರಿನ ಲೆಕ್ಕಪತ್ರದ ಕಚೇರಿ, ಇಂದಿರಾನಗರದಲ್ಲಿ ಮನೆಯಿಂದಲೇ ಕೆಲಸ ಮಾಡುವವರ ಲ್ಯಾಪ್‌ಟಾಪು, ಕೆ.ಆರ್.ಪುರದ ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಅರ್ಜಿ ತುಂಬಿಕೊಡುವ ಜೆರಾಕ್ಸ್ ಅಂಗಡಿಯ ಅಸೆಂಬಲ್ ಮಾಡಿಸಿದ ಸಿಸ್ಟಂ, ಇವೆಲ್ಲವೂ ಈ ಅದೃಶ್ಯ ತಿದ್ದುಪಡಿಗಳಿಗೆ ಸಮನಾಗಿ ಒಳಗಾಗುತ್ತವೆ. ಚಿಪ್ಪುಗಳನ್ನೇ ವಿನ್ಯಾಸಗೊಳಿಸುವ ಊರಿನಲ್ಲಿ ಅಂಗಡಿಯ ಸಿಸ್ಟಂ ಸ್ಲೋ ಆದರೆ ಸಿಗುವ ಉತ್ತರ ಮಾತ್ರ ಮೂರೇ: ರ‍್ಯಾಮ್ ಹಾಕಿಸಿ, ಎಸ್‌ಎಸ್‌ಡಿ ಹಾಕಿಸಿ, ಇಲ್ಲವೇ ಫಾರ್ಮ್ಯಾಟ್ ಮಾಡಿಸಿ.

ಮೊದಲು ಒಂದು ಮೂಲ ಸಂಗತಿ ಸ್ಪಷ್ಟವಾಗಬೇಕು. ಸೆಟ್ಟಿಂಗಿನಿಂದ ಯಂತ್ರದಲ್ಲಿ ಇಲ್ಲದ ವೇಗ ಹುಟ್ಟುವುದಿಲ್ಲ. ಪ್ರೊಸೆಸರ್ ಎಷ್ಟು ವೇಗದಲ್ಲಿ ಲೆಕ್ಕ ಮಾಡಬಲ್ಲದು, ಸ್ಮೃತಿಯಲ್ಲಿ ಎಷ್ಟು ಜಾಗವಿದೆ, ಡಿಸ್ಕು ಎಷ್ಟು ಬೇಗ ಓದಬಲ್ಲದು ಎಂಬುದು ಕಾರ್ಖಾನೆಯಲ್ಲಿಯೇ ನಿಶ್ಚಯವಾಗಿರುತ್ತದೆ. ಸೆಟ್ಟಿಂಗುಗಳು ಆ ಶಕ್ತಿಯನ್ನು ಹಂಚುತ್ತವೆ, ಇಲ್ಲವೇ ಅದಕ್ಕೆ ಮಿತಿ ಹಾಕುತ್ತವೆ. ಹೀಗಾಗಿ ತಯಾರಕರು ಕೊಟ್ಟಿರುವ ಪೂರ್ವನಿಯೋಜಿತ ಮೌಲ್ಯಗಳು, ಅಂದರೆ ಯಾರೂ ಕೈ ಹಾಕದಿದ್ದಾಗ ಇರುವ ಸ್ಥಿತಿ, ಬಹುತೇಕ ಎಲ್ಲ ಮಿತಿಗಳನ್ನೂ ತೆರೆದೇ ಇಟ್ಟಿರುತ್ತವೆ. ‘ವೇಗ ಹೆಚ್ಚಿಸುವ ಗುಪ್ತ ಸೆಟ್ಟಿಂಗು’ ಎಂದು ವಿಡಿಯೊಗಳಲ್ಲಿ ತೋರಿಸಲಾಗುವ ಹಲವು ಆಯ್ಕೆಗಳು ನಿಜಕ್ಕೂ ಮಿತಿ ಹಾಕುವ ಆಯ್ಕೆಗಳು. ಅವುಗಳನ್ನು ಮುಟ್ಟಿದರೆ ಯಂತ್ರ ಹಿಂದಿನಂತೆಯೇ ಇರಬಹುದು, ಇಲ್ಲವೇ ಕುಗ್ಗಬಹುದು, ಮೂರನೆಯ ಸಾಧ್ಯತೆ ಇಲ್ಲ.

ಇದಕ್ಕೆ ಅತ್ಯುತ್ತಮ ನಿದರ್ಶನ ವಿಂಡೋಸ್‌ನಲ್ಲಿರುವ ಎಂಎಸ್‌ಕಾನ್ಫಿಗ್ ಎಂಬ ಸಲಕರಣೆ. ಅದರ ಬೂಟ್ ಪುಟದ ಸುಧಾರಿತ ಆಯ್ಕೆಗಳನ್ನು ತೆರೆದರೆ ಪ್ರೊಸೆಸರ್‌ಗಳ ಸಂಖ್ಯೆ ಎಂಬ ಚೌಕವೂ ಗರಿಷ್ಠ ಸ್ಮೃತಿ ಎಂಬ ಚೌಕವೂ ಅಕ್ಕಪಕ್ಕದಲ್ಲಿ ಖಾಲಿಯಾಗಿ ಕಾಣುತ್ತವೆ. ಖಾಲಿ ಚೌಕವನ್ನು ಕಂಡವರಿಗೆ ವಿಂಡೋಸ್ ಒಂದೇ ಪ್ರೊಸೆಸರ್ ಬಳಸುತ್ತಿದೆಯೆಂದೂ, ಗುರುತು ಹಾಕಿ 4 ಎಂದೋ 8 ಎಂದೋ ಆರಿಸಿದರೆ ಉಳಿದವೂ ಕೆಲಸಕ್ಕೆ ಇಳಿಯುತ್ತವೆಂದೂ ಅನ್ನಿಸುವುದು ಸಹಜ. ವಸ್ತುಸ್ಥಿತಿ ಇದಕ್ಕೆ ತದ್ವಿರುದ್ಧ. ಚೌಕ ಖಾಲಿಯಿದ್ದರೆ ಮಿತಿಯಿಲ್ಲ, ಇರುವ ಎಲ್ಲ ಪ್ರೊಸೆಸರ್‌ಗಳೂ ಬಳಕೆಯಾಗುತ್ತವೆ ಎಂದರ್ಥ. ಗುರುತು ಹಾಕಿದರೆ ‘ಇಷ್ಟಕ್ಕಿಂತ ಹೆಚ್ಚು ಬಳಸಬೇಡ’ ಎಂದರ್ಥ. ಕಡಿಮೆ ಶಕ್ತಿಯ ಯಂತ್ರದಲ್ಲಿ ತಮ್ಮ ತಂತ್ರಾಂಶ ಹೇಗೆ ನಡೆದುಕೊಳ್ಳುತ್ತದೆ ಎಂದು ಪರೀಕ್ಷಿಸಬೇಕಾದ ತಂತ್ರಾಂಶ ರಚನಕಾರರಿಗೆಂದು ಈ ಸೌಲಭ್ಯವನ್ನು ಇಡಲಾಗಿದೆ. ಪಟ್ಟಿ 1ರಿಂದ ಆರಂಭವಾಗುವುದರಿಂದ, ಗುರುತು ಹಾಕಿ ಅಂಕಿಯನ್ನು ಮರೆತವರ ಯಂತ್ರ ಮರುಚಾಲನೆಯಾದ ಮೇಲೆ ಒಂದೇ ಪ್ರೊಸೆಸರಿನಲ್ಲಿ ಏದುಸಿರು ಬಿಡತೊಡಗುತ್ತದೆ. ಗರಿಷ್ಠ ಸ್ಮೃತಿಯ ಚೌಕವೂ ಹೀಗೆಯೇ: ಅದರಲ್ಲಿ 4096 ಎಂದು ಬರೆದರೆ, 8 ಜಿಬಿ ಇರುವ ಯಂತ್ರದ ಅರ್ಧದಷ್ಟು ಸ್ಮೃತಿ ಬೀಗ ಹಾಕಿದ ಕೋಣೆಯಂತಾಗುತ್ತದೆ, ಮತ್ತು ಯಂತ್ರದ ಹೊರೆಯನ್ನು ತೋರಿಸುವ ಟಾಸ್ಕ್ ಮ್ಯಾನೇಜರ್‌ನ ಸ್ಮೃತಿಯ ಪುಟದಲ್ಲಿ ‘ಹಾರ್ಡ್‌ವೇರ್‌ಗೆ ಮೀಸಲು’ ಎಂಬ ಸಾಲಿನ ಎದುರು ಅಸಹಜವಾದಷ್ಟು ದೊಡ್ಡ ಅಂಕಿ ಕಾಣಿಸಿಕೊಳ್ಳುತ್ತದೆ.

ಪರಿಹಾರ ಗುರುತನ್ನು ತೆಗೆದು ಯಂತ್ರವನ್ನು ಮತ್ತೆ ಆರಂಭಿಸುವುದಷ್ಟೆ. ಆದರೆ ಇದರಲ್ಲೊಂದು ಒಳಸುಳಿಯಿದೆ. ಈ ಮಿತಿ ಬರೆಯಲ್ಪಡುವುದು ಡಿಸ್ಕಿನಲ್ಲಿರುವ ಬೂಟ್ ದಾಖಲೆಯಲ್ಲಿ. ಆದ್ದರಿಂದ ಆ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿದರೆ ಅಥವಾ ಅದರ ಪ್ರತಿಯನ್ನು ಹೊಸ ಎಸ್‌ಎಸ್‌ಡಿಗೆ ಇಳಿಸಿದರೆ ಮಿತಿಯೂ ಜೊತೆಯಲ್ಲೇ ಹೋಗುತ್ತದೆ. ನಾಲ್ಕು ಪ್ರೊಸೆಸರಿನ ಯಂತ್ರದಲ್ಲಿ 4 ಎಂದು ಗುರುತು ಹಾಕಿದಾಗ ಏನೂ ಆಗಿರುವುದಿಲ್ಲ. ಎರಡು ವರ್ಷದ ಮೇಲೆ ಅದೇ ಡಿಸ್ಕು ಎಂಟು ಪ್ರೊಸೆಸರಿನ ಯಂತ್ರಕ್ಕೆ ಬಂದಾಗ ಅರ್ಧ ಶಕ್ತಿ ಸುಮ್ಮನೆ ಕುಳಿತಿರುತ್ತದೆ. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ಸರಿಪಡಿಸಿ ಮಾರುವ ವ್ಯಾಪಾರ ಬೆಂಗಳೂರಿನಲ್ಲಿ ದೊಡ್ಡದು; ಒಂದು ಡಿಸ್ಕಿನ ಪ್ರತಿಯನ್ನೇ ಹಲವು ಯಂತ್ರಗಳಿಗೆ ಇಳಿಸುವ ಪದ್ಧತಿಯಿರುವ ಕಡೆಗಳಲ್ಲಿ, ಹಿಂದಿನ ಬಳಕೆದಾರರು ಮಾಡಿದ ಬದಲಾವಣೆ ಮುಂದಿನವರ ತಲೆಗೆ ಬರುವುದು ಹೀಗೆ.

ಎರಡನೆಯ ಬಹುಸಾಮಾನ್ಯ ಪ್ರಕರಣ ವಿದ್ಯುತ್ ಯೋಜನೆಯದು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಸಮತೋಲಿತ, ವಿದ್ಯುತ್ ಉಳಿತಾಯ, ಅಧಿಕ ಕಾರ್ಯಕ್ಷಮತೆ ಎಂಬ ಯೋಜನೆಗಳಿದ್ದು, ಅವುಗಳ ಒಳಪುಟದಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿ ಎಂಬ ಶೇಕಡಾವಾರು ಅಂಕಿ ಇರುತ್ತದೆ. ಮಳೆಗಾಲದಲ್ಲಿ ಮೇಲಿಂದ ಮೇಲೆ ಕರೆಂಟು ಹೋಗುವಾಗ ಬ್ಯಾಟರಿ ಉಳಿಸಲೆಂದೋ, ಬೇಸಿಗೆಯಲ್ಲಿ ಲ್ಯಾಪ್‌ಟಾಪು ಬಿಸಿಯಾಗದಿರಲೆಂದೋ ಈ ಅಂಕಿಯನ್ನು 50ಕ್ಕೆ ಇಳಿಸಿದವರು ಅದನ್ನು ಮತ್ತೆ ಏರಿಸುವುದನ್ನು ಮರೆಯುತ್ತಾರೆ. 100ರಿಂದ 99ಕ್ಕೆ ಇಳಿಸಿದರೂ ಸಾಕು, ಟರ್ಬೊ ಎಂಬ ಸೌಲಭ್ಯ, ಅಂದರೆ ಭಾರವಾದ ಕೆಲಸ ಬಂದಾಗ ಪ್ರೊಸೆಸರ್ ತನ್ನ ಮೂಲ ವೇಗವನ್ನು ಮೀರಿ ಕೆಲಹೊತ್ತು ಓಡುವ ಗುಣ, ಸಾಮಾನ್ಯವಾಗಿ ನಿಂತೇಹೋಗುತ್ತದೆ. ಒಂದು ಅಂಶದ ಇಳಿಕೆ ಅಷ್ಟು ದೊಡ್ಡ ವ್ಯತ್ಯಾಸ ಮಾಡೀತೆಂದು ಅಂಕಿಯನ್ನು ನೋಡಿದವರಾರೂ ಊಹಿಸಲಾರರು. ಪರೀಕ್ಷೆಯ ವಿಧಾನ ಸರಳ: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಕಾರ್ಯಕ್ಷಮತೆಯ ಪುಟದಲ್ಲಿ ಮೂಲ ವೇಗವನ್ನೂ ಈ ಕ್ಷಣದ ವೇಗವನ್ನೂ ಹೋಲಿಸಬೇಕು. ಮೂಲ ವೇಗ 2.40 ಗಿಗಾಹರ್ಟ್ಸ್ ಎಂದಿದ್ದು, ದೊಡ್ಡ ಕಡತವೊಂದನ್ನು ತೆರೆಯುತ್ತಿರುವಾಗಲೂ ಈ ಕ್ಷಣದ ವೇಗ 0.79ರ ಆಸುಪಾಸಿನಲ್ಲೇ ಅಂಟಿಕೊಂಡಿದ್ದರೆ, ಪ್ರೊಸೆಸರಿನ ಕೊರಳಿಗೆ ಯಾವುದೋ ಹಗ್ಗ ಬಿದ್ದಿದೆ ಎಂದು ತಿಳಿಯಬೇಕು.

ಆ ಹಗ್ಗ ಸೆಟ್ಟಿಂಗಿನದೇ ಆಗಿರಬೇಕೆಂದಿಲ್ಲ. ಕೆಲವು ವ್ಯಾಪಾರಿ ದರ್ಜೆಯ ಲ್ಯಾಪ್‌ಟಾಪುಗಳು ಚಾರ್ಜರಿನ ಒಳಗಿನ ಸಣ್ಣ ಚಿಪ್ಪಿನಿಂದ ಅದರ ಸಾಮರ್ಥ್ಯವೆಷ್ಟೆಂದು ಓದಿಕೊಳ್ಳುತ್ತವೆ. ಕಡಿಮೆ ಬೆಲೆಗೆ ಸಿಗುವ ಡೂಪ್ಲಿಕೇಟ್ ಚಾರ್ಜರ್ ಚುಚ್ಚಿದಾಗ ಆ ಗುರುತು ಸಿಗದೆ, ಹೆಚ್ಚು ವಿದ್ಯುತ್ ಎಳೆದರೆ ಅಪಾಯವೆಂದು ಎಣಿಸಿ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಸೆಟ್ಟಿಂಗು ಬದಲಾಯಿಸಿದ ವಾರವೇ ಚಾರ್ಜರನ್ನೂ ಬದಲಾಯಿಸಿದ್ದರೆ ತಪ್ಪಿತಸ್ಥ ಯಾರೆಂದು ಹೇಳುವುದು ಕಷ್ಟ. ಫ್ಯಾನಿನ ಜಾಲರಿಗೆ ಧೂಳು ಕಟ್ಟಿ ಶಾಖ ಹೊರಹೋಗದಿದ್ದಾಗಲೂ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ಇದೇ ಕೆಲಸ ಮಾಡುತ್ತದೆ. ಮೆಟ್ರೊ ಕಾಮಗಾರಿಯ ಧೂಳು ಕಂಡಿರುವ ಕೆ.ಆರ್.ಪುರದ ರಸ್ತೆ ಬದಿಯ ಅಂಗಡಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಮಿಥ್ಯಾಸ್ಮೃತಿಯ ಸಂಗತಿ, ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ರ‍್ಯಾಮ್ ಎಂಬುದು ಯಂತ್ರದ ಕೆಲಸದ ಮೇಜು. ತೆರೆದಿರುವ ಕಡತಗಳೂ ತಂತ್ರಾಂಶಗಳೂ ಅದರ ಮೇಲೆ ಹರಡಿಕೊಂಡಿರುತ್ತವೆ. ಮೇಜು ತುಂಬಿದಾಗ, ಸದ್ಯಕ್ಕೆ ಬೇಡವಾದ ಹಾಳೆಗಳನ್ನು ಡಿಸ್ಕಿನಲ್ಲಿ ಮೀಸಲಿಟ್ಟ ಪೇಜ್ ಫೈಲ್ ಎಂಬ ಕಡತಕ್ಕೆ ಸಾಗಿಸಿ ಜಾಗ ಮಾಡಿಕೊಳ್ಳುವುದನ್ನು ಮಿಥ್ಯಾಸ್ಮೃತಿ ಅಥವಾ ವರ್ಚುವಲ್ ಮೆಮೊರಿ ಎನ್ನುತ್ತಾರೆ. ರ‍್ಯಾಮ್‌ನಿಂದ ಒಂದು ಮಾಹಿತಿಯನ್ನು ಎತ್ತಿಕೊಳ್ಳಲು ಸುಮಾರು 100 ನ್ಯಾನೊಸೆಕೆಂಡು ಬೇಕಾದರೆ, ತಿರುಗುವ ಹಾರ್ಡ್ ಡಿಸ್ಕಿನಿಂದ ಎತ್ತಲು ಸುಮಾರು 10 ಮಿಲಿಸೆಕೆಂಡು, ಅಂದರೆ ಒಂದು ಲಕ್ಷ ಪಟ್ಟು ಹೆಚ್ಚು ಕಾಲ ಬೇಕು. ಡಿಟಿಪಿ ಅಂಗಡಿಯ ಮೇಜಿನ ಮೇಲಿರುವ ಹಾಳೆ ಕೈಗೆ ಬರಲು ಒಂದು ಸೆಕೆಂಡು ಹಿಡಿಯುತ್ತದೆಂದು ಭಾವಿಸಿದರೆ, ಡಿಸ್ಕಿನಲ್ಲಿರುವ ಹಾಳೆ ಬರಲು ಸುಮಾರು 28 ಗಂಟೆ ಹಿಡಿಯುತ್ತದೆ; ಕೆ.ಆರ್.ಪುರದಿಂದ ಶಿವಾಜಿನಗರಕ್ಕೆ ಸಂಜೆ ಹೊರಟವರನ್ನು ದಾರಿಯಲ್ಲಿ ಸಿಗುವ ಟಿನ್ ಫ್ಯಾಕ್ಟರಿಯ ವಾಹನ ದಟ್ಟಣೆ ಕೂಡ ಅಷ್ಟು ಹೊತ್ತು ನಿಲ್ಲಿಸಿಕೊಳ್ಳಲಾರದು. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯಲ್ಲಿ ಅದೇ ಕೆಲಸ ಸುಮಾರು 100 ಮೈಕ್ರೊಸೆಕೆಂಡಿನಲ್ಲಿ ಮುಗಿಯುವುದರಿಂದ, ಅದೇ ಹೋಲಿಕೆಯಲ್ಲಿ 28 ಗಂಟೆ ಹದಿನೇಳು ನಿಮಿಷಕ್ಕೆ ಇಳಿಯುತ್ತದೆ. ಎಸ್‌ಎಸ್‌ಡಿ ಹಾಕಿಸಿದ ಹಳೆಯ ಯಂತ್ರ ಹೊಸದರಂತೆ ಕಾಣುವುದರ ಗುಟ್ಟು ಇಷ್ಟೆ.

ಪೇಜ್ ಫೈಲ್ ನಿಧಾನವೆಂದು ತಿಳಿದವರು ಅದನ್ನೇ ತೆಗೆದುಹಾಕಿದರೆ ಯಂತ್ರ ವೇಗವಾದೀತೆಂದು ತರ್ಕಿಸುತ್ತಾರೆ. ತರ್ಕ ಆಕರ್ಷಕವಾಗಿದೆ, ಫಲ ಮಾತ್ರ ತಲೆಕೆಳಗು. ಬದಲಾದ ಮಾಹಿತಿಯನ್ನು ಡಿಸ್ಕಿಗೆ ಸಾಗಿಸುವ ದಾರಿ ಮುಚ್ಚಿದಾಗ, ಅದೆಷ್ಟೇ ಹೊತ್ತಿನಿಂದ ಬಳಕೆಯಾಗದಿದ್ದರೂ ಮೇಜಿನ ಮೇಲೆಯೇ ಉಳಿಯಬೇಕಾಗುತ್ತದೆ. ಆಗ ವಿಂಡೋಸ್ ತನಗೆ ಸಾಧ್ಯವಿರುವ ಇನ್ನೊಂದೇ ಉಪಾಯವಾಗಿ, ಓಡುತ್ತಿರುವ ತಂತ್ರಾಂಶಗಳ ಸೂಚನೆಗಳ ಪುಟಗಳನ್ನು ಎಸೆದು, ಬೇಕಾದಾಗಲೆಲ್ಲ ಅವುಗಳ ಮೂಲ ಕಡತದಿಂದ ಮತ್ತೆ ಮತ್ತೆ ಓದಿಕೊಳ್ಳತೊಡಗುತ್ತದೆ. 4 ಜಿಬಿ ಸ್ಮೃತಿಯ ಯಂತ್ರದಲ್ಲಿ ಕ್ರೋಮ್, ಟ್ಯಾಲಿ, ನುಡಿ, ಪೇಜ್‌ಮೇಕರ್ ಒಟ್ಟಿಗೆ ತೆರೆದಿದ್ದಾಗ ಡಿಸ್ಕಿನ ದೀಪ ಆರದೆ ಉರಿಯುವುದು, ಮೌಸ್ ಬಾಣ ತಡವರಿಸುವುದು, ಕೊನೆಗೆ ಯಾವುದಾದರೊಂದು ತಂತ್ರಾಂಶ ಹೇಳದೆ ಕೇಳದೆ ಮುಚ್ಚಿಕೊಳ್ಳುವುದು ಇದರ ಲಕ್ಷಣ. ಪೇಜ್ ಫೈಲಿನ ಗಾತ್ರವನ್ನು ವಿಂಡೋಸ್ ತಾನೇ ನಿರ್ವಹಿಸಲಿ ಎಂಬ ಮೂಲ ಆಯ್ಕೆಗೆ ಮರಳಿಸಿದರೆ ತೊಂದರೆ ನೀಗುತ್ತದೆ. ಸ್ಮೃತಿ ಯಥೇಚ್ಛವಾಗಿರುವ ಯಂತ್ರದಲ್ಲೂ ಅದನ್ನು ತೆಗೆಯುವುದರಿಂದ ಗಮನಾರ್ಹವಾದ ಲಾಭವೇನೂ ಇಲ್ಲ.

ಶಿವಾಜಿನಗರದಂಥ ಕಡೆ ಇನ್ನೊಂದು ಸ್ಥಳೀಯ ತೊಡಕು ಸೇರಿಕೊಳ್ಳುತ್ತದೆ, ಅದು ಅಕ್ಷರಗಳದು. ಮದುವೆಯ ಕರೆಯೋಲೆ, ಫ್ಲೆಕ್ಸು, ಬಿಲ್ ಪುಸ್ತಕ ಇತ್ಯಾದಿಗಳನ್ನು ಕನ್ನಡ, ಉರ್ದು, ತಮಿಳು, ಇಂಗ್ಲಿಷ್ ನಾಲ್ಕರಲ್ಲೂ ಸಿದ್ಧಪಡಿಸುವ ಅಂಗಡಿಯ ಯಂತ್ರದಲ್ಲಿ ನೂರಾರು ಫಾಂಟುಗಳು ತುಂಬಿರುತ್ತವೆ. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಎಂಬ ಯುನಿಕೋಡ್ ಫಾಂಟು ಬಂದರೂ, ಮುದ್ರಣದ ಕೆಲಸ ಬಹುಕಾಲ ಹಳೆಯ ಸಂಕೇತ ಪದ್ಧತಿಯ ಫಾಂಟುಗಳಲ್ಲೇ ನಡೆದದ್ದರಿಂದ, ಗಿರಾಕಿ ತರುವ ಹಳೆಯ ಕಡತಕ್ಕಾಗಿ ಯಾವ ಫಾಂಟನ್ನೂ ತೆಗೆದುಹಾಕುವಂತಿಲ್ಲ. ಎಕ್ಸ್‌ಪಿಯಲ್ಲಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಗುರುತು ಹಾಕದಿದ್ದರೆ ಒತ್ತಕ್ಷರಗಳು ಕಳಚಿ ಬೀಳುತ್ತಿದ್ದುದನ್ನು ಕಂಡ ಡಿಟಿಪಿಯವರಿಗೆ, ಒಂದು ಗುರುತು ಎಷ್ಟು ಕೆಲಸ ಮಾಡಬಲ್ಲದೆಂಬುದು ಎಲ್ಲರಿಗಿಂತ ಮೊದಲೇ ತಿಳಿದಿತ್ತೆನ್ನಬೇಕು. ಇಷ್ಟು ಫಾಂಟುಗಳ ವಿವರವನ್ನು ಪ್ರತಿಯೊಂದು ತಂತ್ರಾಂಶವೂ ತೆರೆಯುವಾಗಲೆಲ್ಲ ಹೊಸದಾಗಿ ಓದುವುದನ್ನು ತಪ್ಪಿಸಲು ವಿಂಡೋಸ್‌ನಲ್ಲಿ ಫಾಂಟ್ ಕ್ಯಾಶ್ ಎಂಬ ಸೇವೆಯೊಂದು ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. ಸೇವೆ ಎಂದರೆ ಕಿಟಕಿಯಿಲ್ಲದೆ, ಕಾಣದಂತೆ ಕೆಲಸ ಮಾಡುವ ತಂತ್ರಾಂಶ. ‘ಬೇಡವಾದ ಸೇವೆಗಳನ್ನು ನಿಲ್ಲಿಸಿ’ ಎಂಬ ಉಪದೇಶ ಕೇಳಿ ಸೇವೆಗಳ ಪಟ್ಟಿಯಲ್ಲಿ ಹೆಸರು ಅರ್ಥವಾಗದ್ದನ್ನೆಲ್ಲ ನಿಲ್ಲಿಸುತ್ತ ಹೋದವರು ಇದನ್ನೂ ನಿಲ್ಲಿಸಿರುತ್ತಾರೆ. ಸ್ವಾರಸ್ಯವೆಂದರೆ, ಆ ಸೇವೆಯ ವಿವರಣೆಯಲ್ಲಿಯೇ ಅದನ್ನು ನಿಲ್ಲಿಸಬಹುದು, ಆದರೆ ನಿಲ್ಲಿಸಿದರೆ ತಂತ್ರಾಂಶಗಳ ಕಾರ್ಯಕ್ಷಮತೆ ಕುಗ್ಗುತ್ತದೆ ಎಂಬರ್ಥದ ಎಚ್ಚರಿಕೆ ಇದೆ. ನಿಲ್ಲಿಸು ಎಂಬ ಗುಂಡಿಯನ್ನು ಹುಡುಕುವ ಅವಸರದಲ್ಲಿ ಪಕ್ಕದ ಸಾಲನ್ನು ಓದುವ ವ್ಯವಧಾನ ಯಾರಿಗಿರುತ್ತದೆ!

ರಿಜಿಸ್ಟ್ರಿ ಶುಚಿಗೊಳಿಸುವ ತಂತ್ರಾಂಶಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ರಿಜಿಸ್ಟ್ರಿ ಎಂಬುದು ಎಲ್ಲ ಸೆಟ್ಟಿಂಗುಗಳ ಕಡತಕೋಶ. ಅದರಲ್ಲಿ ಉಳಿದ ಕೆಲವು ನೂರು ಹಳೆಯ ನಮೂದುಗಳನ್ನು ಅಳಿಸುವುದರಿಂದ ಅಳೆಯಬಹುದಾದ ವೇಗವೇನೂ ಸಿಗುವುದಿಲ್ಲ, ಬೇಕಾದ ನಮೂದು ಅಳಿಸಿಹೋದರೆ ತೊಂದರೆ ಮಾತ್ರ ಖಚಿತ.

ಸೆಟ್ಟಿಂಗನ್ನು ಬದಲಾಯಿಸುವವರು ಯಾವಾಗಲೂ ಮನುಷ್ಯರೇ ಆಗಿರಬೇಕಿಲ್ಲ ಎಂಬುದೂ ಗಮನಾರ್ಹ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಮಳಿಗೆ ಇಂಟರ್ನೆಟ್ ಕೆಫೆಯಾಗಿ ತೆರೆದ ಮೇಲೆ, ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ನಗರದಾದ್ಯಂತ ಹಬ್ಬಿದ ಬ್ರೌಸಿಂಗ್ ಸೆಂಟರುಗಳ ಕಾಲದಲ್ಲಿ, ಎಕ್ಸ್‌ಪಿ ಯಂತ್ರಗಳಿಗೆ ಒಂದು ವಿಶಿಷ್ಟ ರೋಗ ಬರುತ್ತಿತ್ತು. ಡಿಸ್ಕಿನಿಂದ ಮಾಹಿತಿ ತರುವಾಗ ಸಡಿಲವಾದ ಕೇಬಲ್ಲು ಮುಂತಾದ ಕಾರಣಗಳಿಂದ ಆರು ಬಾರಿ ದೋಷ ಕಂಡುಬಂದರೆ, ವಿಂಡೋಸ್ ತಾನಾಗಿಯೇ ಸಾಗಣೆಯ ವಿಧಾನವನ್ನು ಒಂದು ಮೆಟ್ಟಿಲು ಕೆಳಗಿಳಿಸುತ್ತಿತ್ತು. ಹೀಗೆ ಇಳಿಯುತ್ತ ಕೊನೆಗೆ ಪಿಐಒ ಎಂಬ ಹಳೆಯ ವಿಧಾನಕ್ಕೆ ಬರುತ್ತಿತ್ತು. ಡಿಎಂಎ ವಿಧಾನದಲ್ಲಿ ಮಾಹಿತಿ ಡಿಸ್ಕಿನಿಂದ ಸ್ಮೃತಿಗೆ ನೇರವಾಗಿ ಸಾಗಿದರೆ, ಪಿಐಒದಲ್ಲಿ ಪ್ರತಿಯೊಂದು ತುಣುಕನ್ನೂ ಪ್ರೊಸೆಸರೇ ಹೊತ್ತು ಹಾಕಬೇಕಾಗುತ್ತಿದ್ದುದರಿಂದ, ಒಂದು ಕಡತ ನಕಲು ಮಾಡುವಾಗ ಇಡೀ ಯಂತ್ರ ಕಲ್ಲಾಗುತ್ತಿತ್ತು. ಕೇಬಲ್ಲನ್ನು ಸರಿಪಡಿಸಿದರೂ ವಿಧಾನ ತಾನಾಗಿ ಮೇಲೇರುತ್ತಿರಲಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಆ ಡಿಸ್ಕು ಜೋಡಣೆಯಾಗಿರುವ ಐಡಿಇ ಚಾನೆಲನ್ನು ಅಳಿಸಿ, ಯಂತ್ರವನ್ನು ಮತ್ತೆ ಆರಂಭಿಸಿ, ವಿಂಡೋಸ್ ಅದನ್ನು ಹೊಸದಾಗಿ ಗುರುತಿಸುವಂತೆ ಮಾಡಬೇಕಿತ್ತು. ರೋಗದ ಮೂಲ ಹೋದರೂ ಸೆಟ್ಟಿಂಗು ಉಳಿದುಬಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ವಿರಳ.

ಇಂದಿನ ಯಂತ್ರಗಳಲ್ಲಿ ಅದರ ಜಾಗವನ್ನು ಸ್ಮೃತಿ ಸಮಗ್ರತೆ ಎಂಬ ಭದ್ರತಾ ಸೆಟ್ಟಿಂಗು ತೆಗೆದುಕೊಂಡಿದೆಯೆನ್ನಬಹುದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಕಾರಣ, ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಯಂತ್ರಗಳ ಮೇಲೂ ಅದನ್ನು ಅಡ್ಡದಾರಿಯಿಂದ ಹಾಕಿಸುವುದು ಹೆಚ್ಚಾಗಿದೆ. ಅಂಥ ಯಂತ್ರಗಳಲ್ಲಿ ಚಾಲನೆಯಾದರೆ ಈ ಸೆಟ್ಟಿಂಗು ಭಾರವಾಗುತ್ತದೆ. ವಿಂಡೋಸ್‌ನ ಅತ್ಯಂತ ಒಳಪದರದಲ್ಲಿ ಓಡಲು ಬರುವ ಸೂಚನೆಗಳನ್ನು ಇದು ಒಂದು ಪ್ರತ್ಯೇಕ ಆವರಣದಿಂದ ಮೊದಲೇ ತಪಾಸಣೆ ಮಾಡುತ್ತದೆ. ಇಂಟೆಲ್‌ನ ಏಳನೆಯ ತಲೆಮಾರಿನಿಂದೀಚಿನ ಪ್ರೊಸೆಸರ್‌ಗಳಲ್ಲಿ ಈ ತಪಾಸಣೆಗೆ ಯಂತ್ರಾಂಗದ ನೆರವಿದ್ದು ಹೊರೆ ಹಗುರ, ಅದಕ್ಕಿಂತ ಹಿಂದಿನವುಗಳಲ್ಲಿ ಎಲ್ಲವನ್ನೂ ತಂತ್ರಾಂಶವೇ ಮಾಡಬೇಕಾಗಿ ಹೊರೆ ಭಾರ. ಈ ಸೆಟ್ಟಿಂಗನ್ನು ನಿಲ್ಲಿಸಿದರೆ ಹಳೆಯ ಯಂತ್ರ ಚೇತರಿಸಿಕೊಳ್ಳುವುದು ನಿಜ. ಆದರೆ ದಿನವಿಡೀ ಇತರರ ಆಧಾರ್ ಪ್ರತಿ, ಪಾನ್ ಸಂಖ್ಯೆ, ಬ್ಯಾಂಕಿನ ವಿವರಗಳನ್ನು ತುಂಬುವ ಅಂಗಡಿಯ ಯಂತ್ರದಲ್ಲಿ ವೇಗಕ್ಕಾಗಿ ಈ ಕಾವಲನ್ನು ತೆಗೆಯುವುದು ಒಪ್ಪತಕ್ಕದ್ದಲ್ಲ. ಅಲ್ಲಿ ಬದಲಾಗಬೇಕಾದದ್ದು ಯಂತ್ರವೇ ಹೊರತು ಸೆಟ್ಟಿಂಗಲ್ಲ.

ಇಷ್ಟರ ಮೇಲೆ ರೋಗನಿದಾನದ ಕ್ರಮಕ್ಕೆ ಬರಬಹುದು. ಮೊದಲು ನಿಧಾನ ತಾತ್ಕಾಲಿಕವೋ ಸ್ಥಿರವೋ ಎಂಬುದನ್ನು ತಿಳಿಯಬೇಕು. ದೊಡ್ಡ ನವೀಕರಣದ ನಂತರ, ಅಥವಾ ಹುಡುಕಾಟದ ಸೂಚಿಗೆ ಸಂಬಂಧಿಸಿದ ಸೆಟ್ಟಿಂಗನ್ನು ಬದಲಾಯಿಸಿದ ನಂತರ, ವಿಂಡೋಸ್ ಎಲ್ಲ ಕಡತಗಳ ಸೂಚಿಯನ್ನು ಹೊಸದಾಗಿ ಕಟ್ಟುವುದರಿಂದ ಕೆಲವು ಗಂಟೆಗಳ ಕಾಲ ಯಂತ್ರ ಮಂದವಾಗಿರುವುದು ಸಹಜ. ಒಂದು ರಾತ್ರಿ ಚಾಲನೆಯಲ್ಲಿಟ್ಟರೆ ಸರಿಹೋಗುವುದನ್ನು ದುರಸ್ತಿ ಮಾಡಲು ಹೋಗಿ ಕೆಡಿಸುವವರೇ ಹೆಚ್ಚು. ನಿಧಾನ ಮುಂದುವರಿದರೆ, ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್, ಸ್ಮೃತಿ, ಡಿಸ್ಕು ಇವುಗಳಲ್ಲಿ ಯಾವುದು ನೂರರ ಹತ್ತಿರವಿದೆಯೆಂದು ನೋಡಬೇಕು. ಯಾವುದೂ ತುಂಬಿರದೆ ಯಂತ್ರ ಮಂದವಾಗಿದ್ದರೆ ಎಲ್ಲೋ ಮಿತಿ ಬಿದ್ದಿದೆಯೆಂಬ ಸಂಶಯಕ್ಕೆ ಬಲ ಬರುತ್ತದೆ. ನಿಧಾನ ಆರಂಭವಾದ ದಿನ ನೆನಪಿಲ್ಲದಿದ್ದರೆ ರಿಲಯಬಿಲಿಟಿ ಮಾನಿಟರ್ ಎಂಬ ಪುಟ ನೆರವಾಗುತ್ತದೆ. ಯಾವ ದಿನ ಯಾವ ತಂತ್ರಾಂಶ ಸೇರಿತು, ಯಾವುದು ಕುಸಿಯಿತು ಎಂಬುದನ್ನು ಅದು ತಾರೀಖಿನ ಸಮೇತ ತೋರಿಸುತ್ತದೆ. ಆ ದಿನಕ್ಕಿಂತ ಹಿಂದಿನ ಪುನಃಸ್ಥಾಪನಾ ಬಿಂದು ಇದ್ದರೆ ಸಿಸ್ಟಂ ರಿಸ್ಟೋರ್ ಮೂಲಕ ಸೆಟ್ಟಿಂಗುಗಳನ್ನು ಆ ಸ್ಥಿತಿಗೆ ಮರಳಿಸಬಹುದು. ಇದರಿಂದ ಸ್ವಂತ ಕಡತಗಳಿಗೆ ಧಕ್ಕೆಯಾಗುವುದಿಲ್ಲ, ಆದರೆ ಆಮೇಲೆ ಹಾಕಿದ ತಂತ್ರಾಂಶಗಳು ಹೋಗುತ್ತವೆ. ವಿಂಡೋಸ್ 10 ಮತ್ತು 11ರಲ್ಲಿ ಈ ಸೌಲಭ್ಯ ಅನೇಕ ವೇಳೆ ಮೊದಲಿನಿಂದಲೇ ನಿಷ್ಕ್ರಿಯವಾಗಿರುತ್ತದೆಂಬುದು ಬೇಕಾದಾಗಲೇ ತಿಳಿಯುವ ಸಂಗತಿ.

ರಿಸ್ಟೋರ್ ಇಲ್ಲದಿದ್ದರೆ ಅರ್ಧಿಸುವ ವಿಧಾನ ಉಳಿದಿದೆ. ಯಂತ್ರದೊಡನೆ ಆರಂಭವಾಗುವ ಹದಿನಾರು ಹೊರಗಿನ ತಂತ್ರಾಂಶಗಳಿದ್ದು ಅವುಗಳಲ್ಲೊಂದು ತೊಂದರೆ ಕೊಡುತ್ತಿದೆಯೆಂದರೆ, ಎಂಟನ್ನು ತಡೆದು ಯಂತ್ರ ಮತ್ತೆ ಆರಂಭಿಸಬೇಕು; ಚುರುಕಾದರೆ ತಪ್ಪಿತಸ್ಥ ಆ ಎಂಟರಲ್ಲಿದೆ, ಇಲ್ಲವಾದರೆ ಉಳಿದ ಎಂಟರಲ್ಲಿ. ಹೀಗೆ ನಾಲ್ಕು ಪ್ರಯತ್ನಗಳಲ್ಲಿ ಹದಿನಾರರಲ್ಲಿ ಒಂದು ಸಿಕ್ಕಿಬೀಳುತ್ತದೆ. ಮೈಕ್ರೊಸಾಫ್ಟಿನದೇ ಸೇವೆಗಳನ್ನು ಈ ಆಟದಿಂದ ಹೊರಗಿಡಬೇಕು. ಅದಕ್ಕೆಂದೇ ಎಂಎಸ್‌ಕಾನ್ಫಿಗ್‌ನ ಸೇವೆಗಳ ಪುಟದಲ್ಲಿ ಅವುಗಳನ್ನು ಮರೆಮಾಡುವ ಚೌಕವೊಂದಿದೆ. ಮೊದಲೇ ಕೈಯಾರೆ ಬದಲಾಯಿಸಿದ ಸೆಟ್ಟಿಂಗುಗಳನ್ನಾದರೆ ಒಮ್ಮೆಗೆ ಒಂದರಂತೆ ಹಿಂದಕ್ಕೆ ತಿರುಗಿಸಿ, ಪ್ರತಿ ಬಾರಿಯೂ ಒಂದೇ ಕೆಲಸವನ್ನು, ಉದಾಹರಣೆಗೆ ಒಂದೇ ಕರೆಯೋಲೆಯ ಕಡತ ತೆರೆಯುವುದನ್ನು, ಮೊಬೈಲಿನ ಗಡಿಯಾರ ಹಿಡಿದು ಅಳೆಯಬೇಕು. ವೇಗವಾದಂತೆ ಅನ್ನಿಸುವುದು ಅಳತೆಯಲ್ಲ. ಆ ಅನಿಸಿಕೆಯ ಮೇಲೆಯೇ ‘ಸ್ಪೀಡ್ ಬೂಸ್ಟರ್’ ವ್ಯಾಪಾರವೆಲ್ಲ ನಿಂತಿದೆ.

ಫಾರ್ಮ್ಯಾಟ್ ಮಾಡುವುದನ್ನು ಕೊನೆಯ ಅಸ್ತ್ರವೆಂದು ಹೇಳುವುದು ರೂಢಿ, ಆದರೆ ಕೆಲವು ಸಂದರ್ಭಗಳಲ್ಲಿ ಅದು ಅಸ್ತ್ರವೇ ಅಲ್ಲ. ಬಯೋಸ್ ಎಂಬುದು ಕಾರ್ಯವ್ಯವಸ್ಥೆಗಿಂತ ಮೊದಲೇ ಎಚ್ಚರವಾಗಿ ಯಂತ್ರಾಂಗಗಳನ್ನು ಸಿದ್ಧಗೊಳಿಸುವ ತಂತ್ರಾಂಶ. ಅದರ ಸೆಟ್ಟಿಂಗುಗಳು ಡಿಸ್ಕಿನಲ್ಲಿ ಇರುವುದಿಲ್ಲವಾದ್ದರಿಂದ ಡಿಸ್ಕನ್ನು ಎಷ್ಟು ಬಾರಿ ಅಳಿಸಿ ವಿಂಡೋಸ್ ಹಾಕಿಸಿದರೂ ಅವು ಇದ್ದಂತೆಯೇ ಇರುತ್ತವೆ. ಅಲ್ಲಿ ಸ್ಮೃತಿಯ ವೇಗವನ್ನು ಇಳಿಸಿದ್ದರೆ, ಪ್ರೊಸೆಸರಿನೊಳಗಿನ ಕೋರುಗಳೆಂಬ ಲೆಕ್ಕದ ಘಟಕಗಳಲ್ಲಿ ಕೆಲವನ್ನು ನಿಷ್ಕ್ರಿಯಗೊಳಿಸಿದ್ದರೆ, ಟರ್ಬೊ ನಿಲ್ಲಿಸಿದ್ದರೆ ಫಾರ್ಮ್ಯಾಟಿನ ಹಣ ವ್ಯರ್ಥ. ಹಳೆಯ ಯಂತ್ರಗಳಲ್ಲಿ ಈ ಸೆಟ್ಟಿಂಗುಗಳನ್ನು ಕಾಯುವುದು ಮದರ್‌ಬೋರ್ಡಿನ ಮೇಲಿನ ಸಿಆರ್ 2032 ಎಂಬ ರೂಪಾಯಿ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ. ಅದು ಸತ್ತರೆ ಯಂತ್ರದ ತಾರೀಖು ಹಿಂದಕ್ಕೆ ಹೋಗಿ, ಬ್ಯಾಂಕಿನ ಹಾಗೂ ಸರ್ಕಾರಿ ಜಾಲತಾಣಗಳು ಭದ್ರತಾ ಪತ್ರದ ದೋಷ ತೋರಿಸಿ ತೆರೆಯಲು ನಿರಾಕರಿಸುತ್ತವೆ, ಸ್ಮೃತಿಯ ವೇಗದಂಥ ಆಯ್ಕೆಗಳು ಮೂಲ ಸ್ಥಿತಿಗೆ ಜಾರುತ್ತವೆ. ಬೆಳಿಗ್ಗೆ ಅಂಗಡಿ ತೆರೆದಾಗ ತೆರೆಯ ಮೂಲೆಯಲ್ಲಿ ಹತ್ತು ವರ್ಷ ಹಿಂದಿನ ಇಸವಿ ಕಂಡರೆ ದೂಷಿಸಬೇಕಾದದ್ದು ಇಂಟರ್ನೆಟ್ಟನ್ನಲ್ಲ, ಹತ್ತಾರು ರೂಪಾಯಿ ಬೆಲೆಯ ಈ ಬ್ಯಾಟರಿಯನ್ನು.

ಬದಲಾಯಿಸಿದ್ದೆಲ್ಲವನ್ನೂ ಮರಳಿಸಿದ ಮೇಲೂ ನಿಧಾನ ಹೋಗದಿದ್ದರೆ, ಸೆಟ್ಟಿಂಗು ಬದಲಾಯಿಸಿದ ದಿನವೇ ಡಿಸ್ಕೂ ಸಾಯಲು ಆರಂಭಿಸಿತ್ತೆಂಬ ಕಾಕತಾಳೀಯವನ್ನು ಪರಿಗಣಿಸಬೇಕು. ಎಷ್ಟೋ ಸಲ ಸಾಯುತ್ತಿದ್ದ ಡಿಸ್ಕಿನ ನಿಧಾನವನ್ನು ತಾಳಲಾರದೆಯೇ ಸೆಟ್ಟಿಂಗಿಗೆ ಕೈ ಹಾಕಿರುತ್ತಾರೆ, ಆಮೇಲೆ ಕಾರಣ ಮತ್ತು ಪರಿಣಾಮಗಳು ನೆನಪಿನಲ್ಲಿ ಅದಲುಬದಲಾಗಿರುತ್ತವೆ. ಡಿಸ್ಕು ತನ್ನ ಆರೋಗ್ಯದ ದಾಖಲೆಯನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯಲ್ಲಿ ತಾನೇ ಬರೆದಿಟ್ಟುಕೊಂಡಿರುತ್ತದೆ. ಅದರಲ್ಲಿ ಬದಲಿ ಜಾಗಕ್ಕೆ ಸ್ಥಳಾಂತರಗೊಂಡ ಸೆಕ್ಟರುಗಳ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ದುರಸ್ತಿಯ ಪ್ರಯತ್ನಗಳನ್ನೆಲ್ಲ ನಿಲ್ಲಿಸಿ, ಹದಿನೈದು ವರ್ಷದ ನುಡಿ ಕಡತಗಳನ್ನೂ ಟ್ಯಾಲಿಯ ಲೆಕ್ಕವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳುವುದು ಆ ದಿನದ ಏಕೈಕ ಕೆಲಸ. ಕೆಟ್ಟ ಸೆಕ್ಟರು ಎದುರಾದಾಗ ಡಿಸ್ಕು ಅದನ್ನು ಮತ್ತೆ ಮತ್ತೆ ಓದಲು ಯತ್ನಿಸುವುದರಿಂದ ನಕಲಿನ ಹಸಿರು ಪಟ್ಟಿ ಒಂದೇ ಕಡೆ ನಿಮಿಷಗಟ್ಟಲೆ ನಿಲ್ಲುತ್ತದೆ. ಯಂತ್ರ ಹ್ಯಾಂಗ್ ಆಯಿತೆಂದು ಪವರ್ ಗುಂಡಿ ಒತ್ತದೆ, ಅಂಗಡಿಯ ಶಟರ್ ಎಳೆದು, ಯುಪಿಎಸ್ ಮೇಲೆ ರಾತ್ರಿಯಿಡೀ ಓಡಲು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬಹುಪಾಲು ಕಡತಗಳು ಈಚೆ ದಡ ಸೇರಿರುತ್ತವೆ.